ಹೆಪ್ಪುಗಟ್ಟಿದ ಸಿರಿಂಜ್, ಹೆಪ್ಪುಗಟ್ಟಲೇಬೇಕಾದ ಜೀವಕೋಶ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ನನ್ನ ಅತ್ತೆಯವರಿಗೆ 63 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಚುಚ್ಚುಮದ್ದು ಕೊಡುತ್ತೇವೆ. ಮೊನ್ನೆ ಫ್ರಿಜ್‌ನ ಹಿಂಗೋಡೆಗೆ ತಾಗಿಕೊಂಡಿದ್ದ ಒಂದು ಸಿರಿಂಜ್ ಒಳಗೆ ಗಡ್ಡೆ ಕಟ್ಟಿತ್ತು. ಹೊರಗಿಟ್ಟಾಗ ಕರಗಿ ಮೊದಲಿನಂತೆ ತಿಳಿಯಾಯಿತು. ತಿಳಿಯಾಗಿದ್ದರೆ ಪರವಾಗಿಲ್ಲ ಎಂದು ಔಷಧ ಅಂಗಡಿಯವರು ಹೇಳುತ್ತಾರೆ. ಕೊಡಬಹುದೇ? ಇದೇ ಹೊತ್ತಿಗೆ ನಮ್ಮ ಭಾವನವರಿಗೆ ರಕ್ತದ ಕ್ಯಾನ್ಸರ್‌ಗೆ ಖಾರ್‌ಘರ್‌ನಲ್ಲಿ ಕಾರ್-ಟಿ ಚಿಕಿತ್ಸೆ ಆಗಲಿದೆ. ಅವರ ಜೀವಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರಂತೆ. ಒಂದು ಹೆಪ್ಪುಗಟ್ಟಿದರೆ ಹಾಳು, ಇನ್ನೊಂದನ್ನು ಹೆಪ್ಪುಗಟ್ಟಿಸಿಯೇ ಇಡಬೇಕು. ಇದು ಹೇಗೆ? ಮೇ ತಿಂಗಳಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಉಡುಪಿಗೆ ಹೋಗುವಾಗ ಚುಚ್ಚುಮದ್ದನ್ನು ಹೇಗೆ ಒಯ್ಯಬೇಕು? ಕೊನೆಯದಾಗಿ, ಇದು ಮಾತ್ರೆಯಾಗಿ ಏಕೆ ಬರುವುದಿಲ್ಲ?

ಉತ್ತರ: ಆ ಸಿರಿಂಜನ್ನು ಕೊಡಬೇಡಿ. ಸಾವಿರಗಟ್ಟಲೆ ರೂಪಾಯಿಯ ಔಷಧವನ್ನು ಎಸೆಯಿರಿ ಎನ್ನಲು ನನಗೂ ಮನಸ್ಸಿಲ್ಲ, ಆದರೆ ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ಡಬ್ಬಿಯೊಳಗಿನ ಮಾಹಿತಿ ಪತ್ರವನ್ನು ಬಿಡಿಸಿ ನೋಡಿ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬಾರದು ಎಂಬ ಸಾಲು ಅಲ್ಲಿ ಇರುತ್ತದೆ. ಡೋಸ್ ಒಂದೆರಡು ದಿನ ತಡವಾದರೆ ಆಕಾಶ ಕಳಚಿ ಬೀಳುವುದಿಲ್ಲ. ಅತ್ತೆಯವರ ವೈದ್ಯರಿಗೆ ಇಂದೇ ಫೋನ್ ಮಾಡಿ, ಮುಂದಿನ ಡೋಸ್ ಯಾವತ್ತು ಎಂದು ಕೇಳಿಕೊಳ್ಳಿ. ಅಂಗಡಿಯವರ ಮಾತು ಕೆಲವು ಔಷಧಗಳಿಗೆ ಒಪ್ಪೀತು. ಪ್ರೋಟೀನ್ ಔಷಧಗಳ ಮಟ್ಟಿಗೆ ತಿಳಿಯಾಗಿರುವುದಕ್ಕೂ ಸರಿಯಾಗಿರುವುದಕ್ಕೂ ಇರುವ ನಂಟು ಬಹಳ ತೆಳು.

ಯಾಕೆಂದು ಹೇಳುತ್ತೇನೆ. ಆಸ್ಪಿರಿನ್‌ನ ಒಂದು ಅಣುವಿನ ತೂಕ 180 ಡಾಲ್ಟನ್. ಅಡಾಲಿಮುಮ್ಯಾಬ್‌ನದು ಸುಮಾರು 1,48,000. ಸಾವಿರದ ಮುನ್ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳು ಸರಪಳಿಯಾಗಿ ಹೆಣೆದುಕೊಂಡು, ಮಡಚಿಕೊಂಡು, ಇಂಗ್ಲಿಷಿನ ವೈ ಅಕ್ಷರದ ಆಕಾರಕ್ಕೆ ಬಂದು ನಿಂತ ಪ್ರತಿಕಾಯ ಅದು, ಅಂದರೆ ಪರಕೀಯ ವಸ್ತುಗಳನ್ನು ಹಿಡಿಯಲು ದೇಹ ತಯಾರಿಸುವಂಥ ಪ್ರೋಟೀನ್. ಕಾರ್ಖಾನೆಯಲ್ಲಿ ಅದನ್ನು ರಾಸಾಯನಿಕ ಬೆರೆಸಿ ತಯಾರಿಸುವುದಿಲ್ಲ. ಚೀನೀ ಹ್ಯಾಮ್‌ಸ್ಟರ್ ಎಂಬ ಪುಟ್ಟ ದಂಶಕದ ಅಂಡಾಶಯದಿಂದ ಬಂದ ಜೀವಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವು ಸ್ರವಿಸಿದ್ದನ್ನು ಶುದ್ಧಗೊಳಿಸುತ್ತಾರೆ. ಆ ಮಡಿಕೆಗಳನ್ನು ಹಿಡಿದಿಟ್ಟಿರುವುದು ಬಹುಪಾಲು ದುರ್ಬಲ ಬಂಧಗಳು. ಕೀಲಿನ ಉರಿಯೂತಕ್ಕೆ ಕಾರಣವಾಗುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ಹಿಡಿದು ಕಟ್ಟಿಹಾಕುವುದು ಇದರ ಕೆಲಸ. ಮಡಿಕೆ ಬಿಚ್ಚಿಕೊಂಡರೆ ಆ ಹಿಡಿತವೂ ಹೋಯಿತು.

ಈಗ ನಿಮ್ಮ ಫ್ರಿಜ್‌ನೊಳಗೆ ಏನಾಯಿತು ನೋಡಿ. ನೀರು ಮಂಜಾಗುವಾಗ ತಾನೊಬ್ಬನೇ ಮಂಜಾಗುತ್ತದೆ, ತನ್ನಲ್ಲಿ ಕರಗಿದ್ದ ಎಲ್ಲವನ್ನೂ ಹೊರಗೆ ತಳ್ಳುತ್ತದೆ. ಮಂಜಿನ ಹರಳುಗಳ ನಡುವೆ ಉಳಿದ ಸಣ್ಣ ಸಣ್ಣ ಸಂದುಗಳಲ್ಲಿ ಪ್ರೋಟೀನ್, ಲವಣ, ಇನ್ನಿತರ ವಸ್ತುಗಳೆಲ್ಲ ಹಲವು ಪಟ್ಟು ಸಾಂದ್ರವಾಗಿ ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಹುಳಿ-ಕ್ಷಾರಗಳ ಸಮತೋಲ ಕಾಯುವ ಸೋಡಿಯಂ ಫಾಸ್ಫೇಟ್ ಬಫರ್ ಇರುವ ದ್ರಾವಣವಾದರೆ ಅದರ ಒಂದು ಭಾಗ ಮೊದಲೇ ಹರಳುಗಟ್ಟಿ, ತಟಸ್ಥವಾಗಿದ್ದದ್ದು ಇದ್ದಕ್ಕಿದ್ದಂತೆ ಹುಳಿಯಾಗಿಬಿಡುತ್ತದೆ. ಸಾಲದ್ದಕ್ಕೆ, ಮಂಜಿನ ಮೈಗೆ ಅಂಟಿಕೊಂಡ ಪ್ರೋಟೀನ್ ಬಿಚ್ಚಿಕೊಳ್ಳುತ್ತದೆ. ಒಳಗೆ ಅಡಗಿದ್ದ, ನೀರನ್ನು ಕಂಡರಾಗದ ಭಾಗಗಳು ಹೊರಬಂದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಡೆದ ಹಾಲನ್ನು ಮತ್ತೆ ಫ್ರಿಜ್‌ನಲ್ಲಿಟ್ಟರೆ ಅದು ಹಾಲಾಗುವುದಿಲ್ಲವಷ್ಟೆ, ಇದೂ ಹಾಗೆಯೇ. ಒಡೆದ ಹಾಲು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ ಎಂಬುದೇ ತೊಂದರೆ.

ಎಷ್ಟು ಕಾಣುವುದಿಲ್ಲ? ಸಿರಿಂಜನ್ನು ಕಪ್ಪು ಹಲಗೆಯ ಮುಂದೆ, ಒಳ್ಳೆಯ ಬೆಳಕಿನಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿದರೆ ಪಳಗಿದ ಕಣ್ಣಿಗೆ ಸುಮಾರು 100 ಮೈಕ್ರಾನ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಗಾತ್ರದ ಕಣ ಸಿಕ್ಕೀತು. ಅದಕ್ಕಿಂತ ಚಿಕ್ಕದು ಇಲ್ಲದಂತೆಯೇ. ಅಮೆರಿಕದ ಔಷಧ ಸಂಹಿತೆಯ ಪ್ರಕಾರ ಸಣ್ಣ ಪ್ರಮಾಣದ ಚುಚ್ಚುಮದ್ದಿನ ಒಂದು ಸಿರಿಂಜ್ ಅಥವಾ ಸೀಸೆಯಲ್ಲಿ 10 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 6,000 ಮೀರಬಾರದು, 25 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡವು 600 ಮೀರಬಾರದು. ಅಂದರೆ ಆರು ಸಾವಿರದ ತನಕ ಕಣಗಳಿದ್ದೂ ದ್ರವ ಕಣ್ಣಿಗೆ ಸ್ಫಟಿಕದಂತೆ ಕಾಣಬಹುದು. ಅರವತ್ತು ಸಾವಿರ ಇದ್ದರೂ ಹಾಗೆಯೇ ಕಾಣಬಹುದು. ಕೌಂಟರ್‌ನ ಹಿಂದೆ ನಿಂತು ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಕೊಡುವ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆಯಿಲ್ಲ.

ಆ ಗಂಟುಗಳು ಮೈಯೊಳಗೆ ಹೋದರೆ ಆಗುವ ಮೊದಲ ನಷ್ಟ, ಡೋಸ್‌ನಲ್ಲಿ ಕೆಲಸ ಮಾಡುವ ಔಷಧ ಕಡಿಮೆಯಾಗುವುದು. ಅದು ಒಂದು ಬಾರಿಯ ನಷ್ಟ, ಹೋಗಲಿ ಎನ್ನಬಹುದು. ಎರಡನೆಯದು ಹಾಗಲ್ಲ. ಗಂಟುಗಟ್ಟಿದ ಪ್ರೋಟೀನನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸುವ ಸಂಭವ ಹೆಚ್ಚು. ಆಗ ಔಷಧದ ವಿರುದ್ಧವೇ ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ಅಡಾಲಿಮುಮ್ಯಾಬ್‌ನಲ್ಲಿ ಇಂಥ ಪ್ರತಿಕಾಯಗಳು ಹುಟ್ಟಿದ ರೋಗಿಗಳಿಗೆ ಔಷಧ ನಾಟದೇ ಹೋಗುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಒಂದು ಹಾಳು ಡೋಸ್‌ನಿಂದ ಹೀಗೆ ಆಗಿಯೇ ತೀರುತ್ತದೆ ಎಂದಲ್ಲ. ಅತ್ತೆಯವರಿಗೆ ಒಗ್ಗಿರುವ ಔಷಧವನ್ನು ಒಂದು ಸಿರಿಂಜ್‌ನ ಆಸೆಗೆ ಪಣಕ್ಕಿಡಬೇಡಿ ಎಂದಷ್ಟೇ.

ಈ ಭಯ ಪುಸ್ತಕದ ಭಯವಲ್ಲ. ಮೂತ್ರಪಿಂಡ ಸೋತವರಿಗೆ ರಕ್ತ ಹೆಚ್ಚಿಸಲು ಕೊಡುವ ಎರಿಥ್ರೊಪೊಯೆಟಿನ್ ಕೂಡ ಪ್ರೋಟೀನ್ ಔಷಧವೇ. ಯುರೋಪಿನಲ್ಲಿ ಹುಚ್ಚು ಹಸುವಿನ ರೋಗದ ಭೀತಿ ಹಬ್ಬಿದ್ದ ಕಾಲದಲ್ಲಿ, 1998ರಲ್ಲಿ, ಅಲ್ಲಿ ಮಾರಾಟವಾಗುತ್ತಿದ್ದ ಅದರ ಒಂದು ಬ್ರ್ಯಾಂಡ್‌ನಿಂದ ಮಾನವ ಆಲ್ಬುಮಿನ್ ತೆಗೆದು ಪಾಲಿಸಾರ್ಬೇಟ್ 80 ಎಂಬ ಸಾಬೂನಿನಂಥ ವಸ್ತುವನ್ನು ಸೇರಿಸಿದರು. ಔಷಧದ ಅಣು ಅದೇ, ಡೋಸ್ ಅದೇ. ಬದಲಾದದ್ದು ಅದು ಮುಳುಗಿದ್ದ ದ್ರವ ಮಾತ್ರ. ಮುಂದಿನ ಕೆಲವು ವರ್ಷಗಳಲ್ಲಿ ಅದನ್ನು ಚರ್ಮದಡಿ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ವಿಚಿತ್ರವಾದ ರಕ್ತಹೀನತೆಯ ಪ್ರಕರಣಗಳು ಏರತೊಡಗಿದವು. ಅವರ ದೇಹ ಚುಚ್ಚುಮದ್ದಿನ ಎರಿಥ್ರೊಪೊಯೆಟಿನ್ ವಿರುದ್ಧ ಪ್ರತಿಕಾಯ ತಯಾರಿಸಿತ್ತು. ಆ ಪ್ರತಿಕಾಯಗಳು ರೋಗಿಯ ಸ್ವಂತ ಎರಿಥ್ರೊಪೊಯೆಟಿನನ್ನೂ ಬಿಡಲಿಲ್ಲ. ಮಜ್ಜೆಯಲ್ಲಿ ಕೆಂಪು ರಕ್ತಕಣಗಳ ಉತ್ಪತ್ತಿಯೇ ನಿಂತುಹೋಗಿ ರಕ್ತ ಏರಿಸುತ್ತಲೇ ಇರಬೇಕಾದ ಸ್ಥಿತಿ. ಕಾರಣದ ಬಗ್ಗೆ ವಾದಗಳು ಹಲವು: ಪಾಲಿಸಾರ್ಬೇಟ್ ಸಿರಿಂಜ್‌ನ ರಬ್ಬರ್ ಬಿರಡೆಯಿಂದ ರಾಸಾಯನಿಕಗಳನ್ನು ಸೆಳೆಯಿತು ಎನ್ನುವವರಿದ್ದಾರೆ, ಪ್ರೋಟೀನ್ ಗಂಟುಗಟ್ಟಿತು ಎನ್ನುವವರಿದ್ದಾರೆ. ಬಿರಡೆಗೆ ಲೇಪನ ಕೊಟ್ಟು, ಚರ್ಮದಡಿಯ ಬದಲು ರಕ್ತನಾಳಕ್ಕೆ ಕೊಡಲು ಶುರುಮಾಡಿದ ಮೇಲೆ ಪ್ರಕರಣಗಳು ಇಳಿದವು. ಜೈವಿಕ ಔಷಧಗಳ ಫಾರ್ಮುಲೇಷನ್‌ನಲ್ಲಿ ಕೆಲಸ ಮಾಡುವವರಿಗೆಲ್ಲ ಈ ಪ್ರಕರಣ ಕಂಠಪಾಠ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಬಂದ ಪ್ರಶ್ನೆಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟವಾಯಿತು. ಮೊದಲು ನಿಮಗೆ ಇನ್ನೊಂದು ಗೊಂದಲ ಹಚ್ಚುತ್ತೇನೆ. ಅನೇಕ ಪ್ರತಿಕಾಯ ಔಷಧಗಳನ್ನು ಸಿರಿಂಜಿಗೆ ತುಂಬುವ ಮೊದಲು ಕಾರ್ಖಾನೆಯಲ್ಲಿ ಹೆಪ್ಪುಗಟ್ಟಿಸಿಯೇ ದಾಸ್ತಾನು ಇಡುತ್ತಾರೆ. ಹೌದು, ಅದೇ ಪ್ರೋಟೀನನ್ನು! ಆದರೆ ಅಲ್ಲಿ ದ್ರಾವಣ ಅದಕ್ಕೆಂದೇ ಸಿದ್ಧವಾಗಿರುತ್ತದೆ, ತಣಿಸುವ ವೇಗವೂ ಕರಗಿಸುವ ವೇಗವೂ ಲೆಕ್ಕದಲ್ಲಿರುತ್ತವೆ. ಸಾಮಾನ್ಯವಾಗಿ ಸಕ್ಕರೆ ಅಥವಾ ಟ್ರೆಹಲೋಸ್ ಎಂಬ ಇನ್ನೊಂದು ಬಗೆಯ ಸಕ್ಕರೆಯನ್ನು ಸೇರಿಸಿರುತ್ತಾರೆ. ಇವು ಚಳಿಯಲ್ಲಿ ಸುಲಭಕ್ಕೆ ಹರಳುಗಟ್ಟದೆ, ಗಾಜಿನಂತೆ ಬಿಗಿದುಕೊಂಡು ಪ್ರೋಟೀನಿನ ಪಕ್ಕದಲ್ಲೇ ಉಳಿಯುತ್ತವೆ. ಅಡಾಲಿಮುಮ್ಯಾಬ್‌ನ ಮೂಲ ಬ್ರ್ಯಾಂಡ್‌ನ ಸಿಟ್ರೇಟ್ ಎಂಬ ಲವಣವಿಲ್ಲದ ಸಿರಿಂಜ್‌ನಲ್ಲಿ ಪ್ರೋಟೀನ್ ಬಿಟ್ಟರೆ ಇರುವುದು ಮ್ಯಾನಿಟಾಲ್, ಪಾಲಿಸಾರ್ಬೇಟ್ 80 ಮತ್ತು ನೀರು, ಅಷ್ಟೇ. ಮ್ಯಾನಿಟಾಲ್ ಇರುವುದು ದ್ರಾವಣದ ಸಾಂದ್ರತೆಯನ್ನು ರಕ್ತಕ್ಕೆ ಸರಿಹೊಂದಿಸಲು. ಹೆಪ್ಪುಗಟ್ಟುವಾಗ ಅದು ತಾನೇ ಹರಳಾಗಿ ಪಕ್ಕಕ್ಕೆ ಸರಿದು ಪ್ರೋಟೀನನ್ನು ಒಂಟಿಯಾಗಿ ಬಿಡುತ್ತದೆ. ಇತರ ಕಂಪನಿಗಳ ಜೈವಿಕ ಸಮರೂಪ ಔಷಧಗಳಲ್ಲಿ ಪಾಕ ಬೇರೆ ಇರಬಹುದು, ಆದರೆ ನಿಮ್ಮ ಕೈಗೆ ಬರುವ ಸಿರಿಂಜ್ 2ರಿಂದ 8 ಡಿಗ್ರಿಯ ಬದುಕಿಗೆ ಮಾತ್ರ ಪರೀಕ್ಷೆಗೊಳಗಾಗಿರುತ್ತದೆ. ಹಾಗಾಗಿ ಕೇಳಬೇಕಾದದ್ದು ಎಷ್ಟು ಚಳಿ ಎಂದಲ್ಲ. ಮಂಜಿನ ಹರಳನ್ನು ಎದುರಿಸಲು ಆ ದ್ರಾವಣವನ್ನು ಸಜ್ಜುಗೊಳಿಸಿದ್ದಾರೆಯೇ ಎಂದು.

ಭಾವನವರ ಜೀವಕೋಶಗಳನ್ನು ಸಜ್ಜುಗೊಳಿಸಿರುತ್ತಾರೆ. ಅವರ ರಕ್ತದಿಂದ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳನ್ನು ಯಂತ್ರದಲ್ಲಿ ಬೇರ್ಪಡಿಸಿ, ನಿರುಪದ್ರವಿಯಾಗಿಸಿದ ವೈರಸ್‌ನ ಮೂಲಕ ಕ್ಯಾನ್ಸರ್ ಕೋಶವನ್ನು ಗುರುತಿಸಲು ನೆರವಾಗುವ ಹೊಸ ಜೀನ್ ಒಂದನ್ನು ಸೇರಿಸಿ, ಸಂಖ್ಯೆ ಹೆಚ್ಚಿಸಿ, ಪರೀಕ್ಷೆಗಳನ್ನು ಮುಗಿಸುವಷ್ಟರಲ್ಲಿ ವಾರಗಳು ಕಳೆಯುತ್ತವೆ. ನಮ್ಮ ದೇಶದ ಮೊದಲ ಕಾರ್-ಟಿ ಔಷಧವಾದ ನೆಕ್ಸ್‌ಕಾರ್19 ಮುಂಬೈಯದೇ ಕೂಸು: ಐಐಟಿ ಬಾಂಬೆ, ಟಾಟಾ ಮೆಮೋರಿಯಲ್ ಸೆಂಟರ್ ಮತ್ತು ಇಮ್ಯುನೊಆ್ಯಕ್ಟ್ ಕಂಪನಿ ಸೇರಿ ಬೆಳೆಸಿದ್ದು. 2023ರ ಅಕ್ಟೋಬರ್‌ನಲ್ಲಿ ಅನುಮೋದನೆ ಸಿಕ್ಕಿತು, 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಪವಾಯಿಯಲ್ಲಿ ಅದನ್ನು ಬಿಡುಗಡೆ ಮಾಡಿದರು. ಇಂಥ ಜೀವಂತ ಔಷಧ ಸಿದ್ಧವಾದ ದಿನವೇ ರೋಗಿಯೂ ಸಿದ್ಧವಾಗಿರುತ್ತಾರೆ ಎಂದೇನಿಲ್ಲ. ಜ್ವರವಿರಬಹುದು, ಸೋಂಕು ಇರಬಹುದು. ಕೋಶಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಟ್ಟರೆ ಕೆಲವೇ ದಿನಗಳಲ್ಲಿ ಸೊರಗುತ್ತವೆ. ಕಾಲವನ್ನೇ ನಿಲ್ಲಿಸಬೇಕು; ಅದಕ್ಕೆ ದ್ರವ ಸಾರಜನಕ.

ಕೋಶವೊಂದರ ಒಳಗೆ ಮಂಜಿನ ಹರಳು ಬೆಳೆದರೆ ಅದರ ಪೊರೆ ಹರಿದು ಕೋಶ ಸಾಯುತ್ತದೆ. ಬೇಗ ತಣಿಸಿದರೆ ಒಳಗೆ ಹರಳು. ಅತಿ ನಿಧಾನಕ್ಕೆ ತಣಿಸಿದರೆ ನೀರೆಲ್ಲ ಹೊರಗೆ ಹೋಗಿ ಕೋಶ ಸುಕ್ಕುಗಟ್ಟಿ ಲವಣದಲ್ಲಿ ಬೇಯುತ್ತದೆ. ನಡುವಿನ ದಾರಿ ನಿಮಿಷಕ್ಕೆ ಸುಮಾರು 1 ಡಿಗ್ರಿ. ಅದೂ ಸಾಲದು, ಡಿಎಂಎಸ್‌ಒ ಎಂಬ ದ್ರವವನ್ನು ಶೇ. 5ರಿಂದ 10ರಷ್ಟು ಬೆರೆಸಬೇಕು. ಅದು ಕೋಶದೊಳಕ್ಕೆ ನುಗ್ಗಿ ಹರಳು ಕಟ್ಟದಂತೆ ತಡೆಯುತ್ತದೆ. ಡಿಎಂಎಸ್‌ಒಗೆ ಈ ಗುಣವಿದೆ ಎಂದು 1959ರಲ್ಲಿ ತೋರಿಸಿದವರಲ್ಲಿ ಒಬ್ಬರು ಜೇಮ್ಸ್ ಲವ್‌ಲಾಕ್. ಭೂಮಿಯನ್ನೇ ಒಂದು ಜೀವಿಯಂತೆ ಕಾಣುವ ಗಾಯಾ ಕಲ್ಪನೆಯಿಂದ ಮುಂದೆ ಹೆಸರಾದವರು ಅವರೇ. ಮೈನಸ್ 130 ಡಿಗ್ರಿಗಿಂತ ಕೆಳಕ್ಕೆ ಹೋದ ಮೇಲೆ ಅಣುಗಳ ಅಲೆದಾಟ ನಿಂತಂತೆಯೇ. ಹಾಗಾಗಿ ಕೋಶಗಳಿರುವ ಚೀಲವನ್ನು ಮೈನಸ್ 150ಕ್ಕಿಂತ ಕೆಳಗಿನ ಸಾರಜನಕದ ಆವಿಯಲ್ಲಿ ಇಡುತ್ತಾರೆ.

ಸಾಗಿಸುವ ಪಾತ್ರೆ ನೋಡಲು ಹಾಲಿನ ದೊಡ್ಡ ಕ್ಯಾನ್‌ನಂತೆ ಇರುತ್ತದೆ. ಒಳಗಿನ ರಂಧ್ರಭರಿತ ಪದರ ದ್ರವ ಸಾರಜನಕವನ್ನು ಹೀರಿಕೊಂಡಿರುವುದರಿಂದ ವಾಹನ ಓಲಾಡಿದರೂ ಚೆಲ್ಲುವುದಿಲ್ಲ, ದಿನಗಟ್ಟಲೆ ಚಳಿ ಉಳಿಯುತ್ತದೆ. ಠಾಣೆ-ಬೇಲಾಪುರ ರಸ್ತೆಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದರೂ ಅದಕ್ಕೆ ಚಿಂತೆಯಿಲ್ಲ, ಜೊತೆಗಿರುವವರಿಗೆ ಇರಬಹುದು. ಚಿಂತೆ ಶುರುವಾಗುವುದು ಹಾಸಿಗೆಯ ಪಕ್ಕದಲ್ಲಿ ಕರಗಿಸುವಾಗ. ಚೀಲದ ಮೇಲಿನ ಹೆಸರು, ಸಂಖ್ಯೆಗಳನ್ನು ಭಾವನವರ ಕೈಪಟ್ಟಿಯೊಂದಿಗೆ ಇಬ್ಬರು ತಾಳೆ ನೋಡುತ್ತಾರೆ, ಏಕೆಂದರೆ ಅದು ಅವರೊಬ್ಬರಿಗೇ ತಯಾರಾದ ಔಷಧ. ಆಮೇಲೆ 37 ಡಿಗ್ರಿಯಲ್ಲಿ ಕೆಲವೇ ನಿಮಿಷ. ಕರಗಿದ ಮೇಲೆ ತಡಮಾಡುವಂತಿಲ್ಲ. ಮಂಜಿನಿಂದ ಕಾಪಾಡಿದ ಅದೇ ಡಿಎಂಎಸ್‌ಒ ಬೆಚ್ಚಗಾದ ಮೇಲೆ ಕೋಶಗಳಿಗೆ ವಿಷ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿಸಿ ಮುಗಿಸುತ್ತಾರೆ. ಬಿಳಿ ರಕ್ತಕಣಗಳನ್ನು ತಡೆಯುವ ಫಿಲ್ಟರ್ ಹಾಕುವಂತಿಲ್ಲ, ಹಾಕಿದರೆ ಔಷಧವೇ ಫಿಲ್ಟರ್‌ನಲ್ಲಿ ಉಳಿದೀತು. ಇನ್ನೊಂದು: ಒಂದೆರಡು ದಿನ ಭಾವನವರ ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆ ಬರಬಹುದು. ಅದು ಡಿಎಂಎಸ್‌ಒ ದೇಹದಿಂದ ಹೊರಹೋಗುವ ಬಗೆ. ಗಾಬರಿಯಾಗಬೇಡಿ, ನೋಡಲು ಹೋಗುವ ನೆಂಟರಿಗೂ ಮೊದಲೇ ಹೇಳಿಡಿ.

ಅದೇ ವಾರ್ಡಿನಲ್ಲಿ ಒಂದು ಸಣ್ಣ ಫ್ರಿಜ್ ಕೂಡ ಇರುತ್ತದೆ. ಅದರಲ್ಲಿ ಟೋಸಿಲಿಜುಮ್ಯಾಬ್ ಇಟ್ಟಿರುತ್ತಾರೆ. ಕಾರ್-ಟಿ ಕೋಶಗಳು ಕ್ಯಾನ್ಸರ್ ಮೇಲೆ ಬಿದ್ದಾಗ ಕೆಲವರಿಗೆ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಆಗುತ್ತವೆ. ಅದನ್ನು ಹತೋಟಿಗೆ ತರುವ ಪ್ರತಿಕಾಯ ಇದು. ಇದಕ್ಕೆ 2ರಿಂದ 8 ಡಿಗ್ರಿ, ಹೆಪ್ಪುಗಟ್ಟಿದರೆ ಕಸದ ಬುಟ್ಟಿ. ನೀವು ಕೇಳಿದ ವಿರೋಧಾಭಾಸ ಒಬ್ಬನೇ ರೋಗಿಯ ಚಿಕಿತ್ಸೆಯಲ್ಲಿ ಅಕ್ಕಪಕ್ಕ ನಿಂತಿರುತ್ತದೆ.

ಮೂರನೆಯ ದಾರಿಯೂ ಒಂದಿದೆ: ನೀರನ್ನೇ ತೆಗೆದುಬಿಡುವುದು. ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನು ನೇರವಾಗಿ ಆವಿಯಾಗಿಸಿದರೆ ಪುಡಿ ಉಳಿಯುತ್ತದೆ. ಊರಿನ ಆಸ್ಪತ್ರೆಗಳಲ್ಲಿ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷವನ್ನು ನೋಡಿರಬಹುದು, ಸೀಸೆಯ ತಳದಲ್ಲಿ ಬಿಳಿ ಬಿಲ್ಲೆಯಂತಿರುತ್ತದೆ. ಪರೇಲ್‌ನ ಹಾಫ್ಕಿನ್ ಸಂಸ್ಥೆಯ ಹೆಸರು ಅದರ ಜೊತೆ ಬಹುಕಾಲದಿಂದ ಬೆಸೆದುಕೊಂಡಿದೆ. ಪುಣೆಯ ಜೆನೋವಾ ಕಂಪನಿ ತನ್ನ ಎಂಆರ್‌ಎನ್‌ಎ ಕೋವಿಡ್ ಲಸಿಕೆಯನ್ನು ಹೀಗೆಯೇ ಪುಡಿಯಾಗಿಸಿ, ಫೈಜರ್‌ನ ಲಸಿಕೆಗೆ ಆರಂಭದಲ್ಲಿ ಬೇಕಾಗಿದ್ದ ಮೈನಸ್ 70ರ ರಗಳೆಯನ್ನು ತಪ್ಪಿಸಿ, ಸಾಮಾನ್ಯ ಫ್ರಿಜ್‌ಗೆ ತಂದಿತು. 2022ರ ಜೂನ್‌ನಲ್ಲಿ ಅದಕ್ಕೆ ತುರ್ತು ಬಳಕೆಯ ಒಪ್ಪಿಗೆ ದೊರೆಯಿತು. ಅಡಾಲಿಮುಮ್ಯಾಬನ್ನು ಮನೆಯಲ್ಲೇ ಚುಚ್ಚಿಕೊಳ್ಳಬೇಕಾದ್ದರಿಂದ ಪುಡಿ ಕಲಸುವ ಕೆಲಸ ಬೇಡವೆಂದು ದ್ರವ ರೂಪವನ್ನೇ ಆರಿಸಿಕೊಂಡಿದ್ದಾರೆ.

ಇನ್ನು ನಿಮ್ಮ ಫ್ರಿಜ್. ಬಾಗಿಲಿನ ಅರೆ ಬೇಡ, ತೆರೆದಾಗಲೆಲ್ಲ ಬಿಸಿಯಾಗುತ್ತದೆ. ಹಿಂಗೋಡೆ ಬೇಡ, ಫ್ರೀಜರ್‌ನ ಕೆಳಗಿನ ತಟ್ಟೆಯೂ ಬೇಡ. ನಡುವಿನ ತಟ್ಟೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ದೂರ, ಅದರದೇ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಬೆಳಕೂ ಅದಕ್ಕೆ ಆಗದು. ಗರಿಷ್ಠ-ಕನಿಷ್ಠ ತಾಪ ತೋರಿಸುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಪಕ್ಕದಲ್ಲಿಡಿ. ಹೆಚ್ಚು ಬೆಲೆಯದಲ್ಲ, ರಾತ್ರಿ ಫ್ರಿಜ್ ಏನು ಮಾಡಿತು ಎಂದು ಬೆಳಿಗ್ಗೆ ಹೇಳುತ್ತದೆ. ಕೊಡುವ ಮೊದಲು ಹದಿನೈದರಿಂದ ಮೂವತ್ತು ನಿಮಿಷ ಹೊರಗಿಡಿ, ನೋವು ಕಡಿಮೆ. ಬಿಸಿನೀರಿನಲ್ಲಿ ಅದ್ದಬೇಡಿ, ಕುಲುಕಬೇಡಿ. ಚುಚ್ಚಿದಾಗ ತುಂಬಾ ಉರಿಯುತ್ತದೆ ಎಂದು ಅತ್ತೆಯವರು ಹೇಳುತ್ತಿದ್ದರೆ ಪೆಟ್ಟಿಗೆಯ ಮೇಲೆ ಸಿಟ್ರೇಟ್ ಇದೆಯೇ ನೋಡಿ. 40 ಮಿಲಿಗ್ರಾಂ ಔಷಧವನ್ನು 0.8 ಮಿಲಿಲೀಟರ್ ಬದಲು 0.4ರಲ್ಲಿ ಕೊಡುವ ಸಿಟ್ರೇಟ್ ರಹಿತ ರೂಪಗಳಿವೆ, ಉರಿ ಗಮನಾರ್ಹವಾಗಿ ಕಡಿಮೆ.

ಉಡುಪಿ ಪ್ರಯಾಣಕ್ಕೆ ಬಿಸಿಗಿಂತ ನಾನು ಹೆದರುವುದು ನಿಮ್ಮ ಐಸ್ ಪ್ಯಾಕ್‌ಗೆ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಪ್ಯಾಕ್ ಮೈನಸ್ 18ರ ಸುಮಾರಿಗೆ ಇರುತ್ತದೆ. ಅದಕ್ಕೆ ಸಿರಿಂಜ್ ತಾಗಿಸಿಟ್ಟರೆ ಲೋಕಮಾನ್ಯ ತಿಲಕ್ ಟರ್ಮಿನಸ್ ದಾಟುವ ಮೊದಲೇ ಫ್ರಿಜ್‌ನ ಕತೆ ಮರುಕಳಿಸೀತು. ಲಸಿಕಾ ಕಾರ್ಯಕರ್ತೆಯರು ಒಂದು ಉಪಾಯ ಮಾಡುತ್ತಾರೆ. ನೀರಿನ ಐಸ್ ಪ್ಯಾಕನ್ನು ಹೊರಗಿಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳುವ ತನಕ ಕಾಯುತ್ತಾರೆ. ಆಗ ಅದು ಸೊನ್ನೆಗೆ ಬಂದಿದೆ ಎಂದರ್ಥ. ಅಂಥ ಪ್ಯಾಕನ್ನು ಟವೆಲ್‌ನಲ್ಲಿ ಸುತ್ತಿ, ಪೆಟ್ಟಿಗೆ ಸಮೇತ ಸಿರಿಂಜನ್ನು ಥರ್ಮೊಕೋಲ್ ಡಬ್ಬಿಯಲ್ಲಿಟ್ಟು, ಎಸಿ ಬೋಗಿಯಲ್ಲಿ ನಿಮ್ಮ ಪಕ್ಕದಲ್ಲೇ ಇಟ್ಟುಕೊಳ್ಳಿ. ಮಧ್ಯಾಹ್ನ ಹತ್ತಿ ಮರುದಿನ ಮುಂಜಾನೆ ಇಳಿಯುವ ಪ್ರಯಾಣಕ್ಕೆ ಅಷ್ಟು ಸಾಕು. ಅಡಾಲಿಮುಮ್ಯಾಬ್‌ನ ಮೂಲ ಬ್ರ್ಯಾಂಡ್‌ಗೆ 25 ಡಿಗ್ರಿಯ ತನಕ 14 ದಿನ ಫ್ರಿಜ್‌ನ ಹೊರಗಿರಲು ಅನುಮತಿ ಇದೆ, ಅಷ್ಟರಲ್ಲಿ ಬಳಸದಿದ್ದರೆ ಎಸೆಯಬೇಕು. ನಿಮ್ಮ ಬ್ರ್ಯಾಂಡ್‌ನ ಅವಧಿ ಬೇರೆ ಇರಬಹುದು, ಪತ್ರ ನೋಡಿಕೊಳ್ಳಿ. ಆದರೆ ಆ 25 ಡಿಗ್ರಿಯ ಕೋಣೆ ಮೇ ತಿಂಗಳ ಮುಂಬೈಯಲ್ಲೂ ಇಲ್ಲ, ಉಡುಪಿಯಲ್ಲೂ ಇಲ್ಲ. ಮಣ್ಣಿನ ಮಡಕೆಯ ಸಲಹೆಯನ್ನೂ ಯಾರಾದರೂ ಕೊಟ್ಟಾರು. ಕಲಬುರಗಿ, ವಿಜಯಪುರದ ಒಣ ಗಾಳಿಯಲ್ಲಿ ಮಡಕೆ ಚೆನ್ನಾಗಿ ತಣಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ನೀರು ಆರುವುದೇ ಕಷ್ಟ, ಹಾಗಾಗಿ ತಣಿಯುವುದೂ ಅಷ್ಟಕ್ಕಷ್ಟೆ.

ಮಾತ್ರೆಯ ವಿಷಯ. ಹೊಟ್ಟೆಗೆ ಪ್ರತಿಕಾಯವೂ ಒಂದೇ, ತೊಗರಿಬೇಳೆಯ ಪ್ರೋಟೀನೂ ಒಂದೇ, ಎರಡನ್ನೂ ಜೀರ್ಣಿಸುತ್ತದೆ. ಜೀರ್ಣವಾಗದೆ ಉಳಿದರೂ ಕರುಳಿನ ಗೋಡೆ ದಾಟಲು ಗಾತ್ರ ಬಿಡುವುದಿಲ್ಲ. ಸಕ್ಕರೆ ಕಾಯಿಲೆಯ ಸೆಮಾಗ್ಲುಟೈಡನ್ನು 2019ರಲ್ಲಿ ಮಾತ್ರೆಯಾಗಿಸಿದ್ದು ದೊಡ್ಡ ಸಾಹಸ. ಅದು ಅಡಾಲಿಮುಮ್ಯಾಬ್‌ನ ಮೂವತ್ತಾರನೇ ಒಂದು ಭಾಗದಷ್ಟು ಚಿಕ್ಕದು. ಆದರೂ ಬರಿಹೊಟ್ಟೆಯಲ್ಲಿ ಅರ್ಧ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಉಪವಾಸವಿದ್ದರೂ ರಕ್ತಕ್ಕೆ ಸೇರುವುದು ಶೇ. 1ರಷ್ಟು. ವಾರಕ್ಕೆ 1 ಮಿಲಿಗ್ರಾಂ ಚುಚ್ಚುಮದ್ದು ಪಡೆಯುವ ಜಾಗದಲ್ಲಿ ದಿನಕ್ಕೆ 14ರಂತೆ ವಾರಕ್ಕೆ 98 ಮಿಲಿಗ್ರಾಂ ನುಂಗಬೇಕು. ಪ್ರತಿಕಾಯಕ್ಕೆ ಈ ಲೆಕ್ಕ ಹಿಡಿದರೆ ಔಷಧದ ಬಿಲ್ ಕೊಡಲು ಡೊಂಬಿವಲಿಯ ಮನೆ ಮಾರಬೇಕಾದೀತು.

ಸಂಧಿವಾತಕ್ಕೇ ಮಾತ್ರೆ ಇಲ್ಲವೆಂದಲ್ಲ. ಟೋಫಾಸಿಟಿನಿಬ್ ಎಂಬುದು 312 ಡಾಲ್ಟನ್‌ನ ಸಣ್ಣ ಅಣು. ಫ್ರಿಜ್ ಬೇಡ, ಸೂಜಿ ಬೇಡ. ಅಮೆರಿಕದಲ್ಲಿ 2012ರಲ್ಲಿ ಅನುಮತಿ ಪಡೆಯಿತು. ಆದರೆ 50 ದಾಟಿದ, ಹೃದ್ರೋಗದ ಅಪಾಯವಿರುವ ಸಂಧಿವಾತದ ರೋಗಿಗಳಲ್ಲಿ ಅದನ್ನು ಟಿಎನ್‌ಎಫ್ ತಡೆಯುವ ಚುಚ್ಚುಮದ್ದುಗಳೊಂದಿಗೆ ಹೋಲಿಸಿ ನೋಡಿದಾಗ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಗಳು ಹೆಚ್ಚಾಗಿ ಕಂಡವು. 2021ರಲ್ಲಿ ಅಲ್ಲಿನ ನಿಯಂತ್ರಕರು ಆ ಎಚ್ಚರಿಕೆಯನ್ನು ಬಿಗಿಗೊಳಿಸಿದರು. ಅತ್ತೆಯವರಿಗೆ 63, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಯೇ ಎಂದು ನೀವು ಬರೆದಿಲ್ಲ. ಮುಂದಿನ ಭೇಟಿಯಲ್ಲಿ ಅವರ ಸಂಧಿವಾತ ತಜ್ಞರ ಮುಂದೆ ಈ ಮಾತ್ರೆಯ ಹೆಸರು ಎತ್ತಿ, ಜೊತೆಗೆ ಈ ಎಚ್ಚರಿಕೆಯನ್ನೂ ಹೇಳಿ ಕೇಳಿ. ಹಾಳಾದ ಸಿರಿಂಜನ್ನು ಮನೆಯ ಕಸಕ್ಕೆ ಹಾಕಬೇಡಿ, ಅದೇ ಭೇಟಿಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಕೊಂಡು ಹೋಗಿ. ಸೂಜಿಗಳನ್ನು ವಿಲೇವಾರಿ ಮಾಡುವ ವ್ಯವಸ್ಥೆ ಆಸ್ಪತ್ರೆಯಲ್ಲಿ ಇರುತ್ತದೆ.